ಬೋಲ್ಟು ಹಾಕಿದ ಅಟ್ಟ

ಕಾಲಿಗೆ ಮೊದಲು ಗೊತ್ತಾಯಿತು. ತಂಗಿಯ ಗಂಡನಿಗೆ ತೊಗರಿ ಬೀಜ ಬೇಕಾಗಿತ್ತು. ಅಫಜಲಪುರದ ಪೇಟೆಯಲ್ಲಿ ನಾನು ಹಿಂದೆಂದೂ ಕಾಲಿಡದ ಒಂದು ಓಣಿಯ ಬೀಜ-ಗೊಬ್ಬರದ ಅಂಗಡಿಗೆ ಹೋಗಿದ್ದೆ. ಅಂಗಡಿಕಾರ ಗಲ್ಲೆಯ ಮುಂದಿಂದ ಏಳದೆ, "ಮ್ಯಾಲ ಅವ ನೋಡ್ರಿ ಚೀಲ. ನೀವೇ ಹತ್ತಿ ನೋಡ್ರಿ ಕಾಕಾ, ನನಗ ಮೊಣಕಾಲ ಬ್ಯಾನಿ" ಎಂದು ಒಳಗಿನ ಕಬ್ಬಿಣದ ಮೆಟ್ಟಿಲು ತೋರಿಸಿದ. ಹತ್ತಿದೆ. ಕೊನೆಯ ಮೆಟ್ಟಿಲಿಗೆ ಬಂದಾಗ ನನ್ನ ಬಲಗಾಲು, ನಾನು ಹೇಳದೆಯೇ, ಉಳಿದ ಮೆಟ್ಟಿಲುಗಳಿಗಿಂತ ನಾಲ್ಕು ಬೆರಳು ಹೆಚ್ಚು ಮೇಲೆದ್ದು ಸರಿಯಾಗಿ ಫರ್ಸಿಕಲ್ಲಿನ ಅಂಚಿನ ಮೇಲೆ ಇಳಿಯಿತು. ಹೊಸಬರು ಯಾರೇ ಆಗಲಿ ಅಲ್ಲಿ ಎಡವುತ್ತಿದ್ದರು. ಎಡವಲಿಲ್ಲವಲ್ಲ ಎಂದು ನನಗೇ ಭಯವಾಯಿತು.

ಎರಡು ಮೆಟ್ಟಿಲು ಹಿಂದಿಳಿದು, ಬಗ್ಗಿ, ಅಟ್ಟದ ಹೊಟ್ಟೆಯನ್ನು ನೋಡಿದೆ. ನಡುವಿನ ತೊಲೆಯಿಂದ ಒಂದು ಕಬ್ಬಿಣದ ಕಡಗ ಜೋತಾಡುತ್ತಿತ್ತು. ಅಂಗಡಿಯವರು ಅದಕ್ಕೆ ಬಲ್ಬು ಕಟ್ಟಿದ್ದರು. ಒಂದು ಕಾಲಕ್ಕೆ ಆ ಕಡಗದಲ್ಲಿ ಹತ್ತಿ ತೂಗುವ ತಕ್ಕಡಿ ನೇತಾಡುತ್ತಿತ್ತು, ಇಲ್ಲಿ ಅಲ್ಲ, ಜೇವರ್ಗಿಯಲ್ಲಿ. ತೊಲೆಗಳು ಕಂಬಕ್ಕೆ ಸೇರುವ ಜಾಗ ಮಾತ್ರ ಕತ್ತಲಲ್ಲಿತ್ತು. ಕೈಹಾಕಿ ಅಲ್ಲಿ ಮುಟ್ಟಿ ನೋಡಿದರೆ, ಮೂವತ್ತು ವರ್ಷದಿಂದ ನಾನು ತೀರ್ಮಾನಿಸಲಾರದೆ ಇಟ್ಟುಕೊಂಡ ಒಂದು ಮಾತು ತೀರ್ಮಾನವಾಗಬಹುದಿತ್ತು. ಕೂಡಲೇ ಮುಟ್ಟಲಿಲ್ಲ. ಮೇಲೆ ಹೋಗಿ ಚೀಲದ ಮೇಲೆ ಕುಳಿತೆ.

ಎಂಬತ್ತಮೂರೋ ಎಂಬತ್ತನಾಲ್ಕೋ ಇರಬೇಕು. ವರ್ಷ ಖಚಿತವಿಲ್ಲ, ಬಿಸಿಲು ಖಚಿತ. ಜೇವರ್ಗಿಯಲ್ಲಿ ವಿಜಾಪುರ ರಸ್ತೆಗೆ ಹಿಂದಾಗಿ ನಮ್ಮದೊಂದು ವರ್ಕ್‌ಶಾಪ್ ಇತ್ತು. ನಮ್ಮದು ಎಂದರೆ ನನ್ನದು ಮತ್ತು ಚಂದ್ರಶಾನದು. ಅವನು ಗೊಬ್ಬೂರಿನವ, ನಾನು ಜೇವರ್ಗಿಯವನೇ. ಗುಲಬರ್ಗಾದಲ್ಲಿ ಕೂಡಿ ಐಟಿಐ ಓದಿದ್ದೆವು, ಒಂದೇ ಖೋಲಿಯಲ್ಲಿ ರೊಟ್ಟಿ ಬುತ್ತಿ ಬಿಚ್ಚಿದ್ದೆವು. ನಾನು ವೆಲ್ಡರ್, ಅವನು ಫಿಟ್ಟರ್. ನನ್ನ ವೆಲ್ಡಿಂಗ್ ಗೆರೆ ನೋಡಿ ಜನ ಬೆರಳು ಆಡಿಸುತ್ತಿದ್ದರು. ಅವನದಕ್ಕೆ ನಾನು ಇಟ್ಟ ಹೆಸರು ಗುಬ್ಬಿ ಹಿಕ್ಕಿ. "ನೀ ಎಲೆಕ್ಟ್ರೋಡ ಹಿಡಿಬ್ಯಾಡಲೇ, ಗುಬ್ಬಿ ಹೇತಂಗ ಕಾಣ್ತದ" ಎಂದರೆ, "ನೀ ಲೆಕ್ಕ ಹಿಡಿಬ್ಯಾಡ, ಕತ್ತೆ ತುಳದಂಗ ಕಾಣ್ತದ" ಎನ್ನುತ್ತಿದ್ದ. ಅಳತೆ, ನಕಾಶೆ, ಲೆಕ್ಕ ಎಲ್ಲ ಅವನದು. ಟ್ರ್ಯಾಲಿ, ಕುಂಟೆ, ಕಿಟಕಿ, ಗೇಟು; ಜೇವರ್ಗಿಯ ಸುತ್ತಿನ ರೈತರು ಮುರಿದದ್ದನ್ನೆಲ್ಲ ನಾವು ಕೂಡಿಸುತ್ತಿದ್ದೆವು.

ಶೆಡ್ಡು ಖೈರುನ್ ಬೀಬಿಯದು. ಅವಳ ಗಂಡ, ಊರೆಲ್ಲ ಸಾಹೇಬರು ಅನ್ನುತ್ತಿದ್ದವರು, ಅಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನು ನಡೆಸುತ್ತಿದ್ದರಂತೆ. ಸಾಹೇಬರು ಹೋದ ಮೇಲೆ ಜಿನ್ನೂ ಹೋಯಿತು. ಉಳಿದದ್ದು ಮುಂದಿನ ಶೆಡ್ಡು, ಹಿಂದೆ ಕುಸಿದ ಜಿನ್ನಿನ ಮನೆ, ಪಕ್ಕದಲ್ಲಿ ಬೀಬಿಯ ಎರಡು ಖೋಲಿ. ಶೆಡ್ಡಿನ ನೆಲಕ್ಕೆ ಸಾಹೇಬರು ಶಹಾಬಾದ ಫರ್ಸಿ ಹಾಸಿಸಿದ್ದರು, ಎಷ್ಟು ಬಿಗಿಯಾಗಿ ಎಂದರೆ ಸಂದಿನಲ್ಲಿ ಉಗುರು ಹೋಗುತ್ತಿರಲಿಲ್ಲ. ಬೀಬಿ ದಿನಾ ಮುಂಜಾನೆ ಬಾಗಿಲಲ್ಲಿ ನಿಂತು ಕೆಳಗೆ ನೋಡುವಳು. "ಕಿಡಿ ಬೀಳಸ್ಬ್ಯಾಡ್ರೋ ಫರ್ಸಿ ಮ್ಯಾಲ, ಕಲೆ ಆಗ್ತದ. ಸಾಹೇಬ್ರು ನೋಡಿದ್ರ ನಿಮ್ಮ ಗ್ಯಾನ ಬಿಡಸ್ತಿದ್ರು." ನಾವು ವೆಲ್ಡಿಂಗ್ ಅಂಗಡಿಯವರು, ಕಿಡಿ ಬೀಳಿಸಬಾರದು!

ನಮಗೊಂದು ಲೇಥು ಬೇಕಾಗಿತ್ತು. ತಿರುಗಣಿ ಕೆಲಸ ಬಂದರೆ ಗುಲಬರ್ಗಾಕ್ಕೆ ಓಡಬೇಕಿತ್ತು; ರೈತ ಅಲ್ಲಿಗೇ ನೇರವಾಗಿ ಹೋಗಿಬಿಡುತ್ತಿದ್ದ, ಮತ್ತೆ ನಮ್ಮ ಕಡೆ ಬರುತ್ತಿರಲಿಲ್ಲ. ಆಳಂದದಲ್ಲಿ ಕಾಶಪ್ಪ ಮಿಸ್ತ್ರಿ ಎಂಬ ಮುದುಕರ ಹತ್ತಿರ ಹಳೆಯ ಬೆಲ್ಟಿನ ಲೇಥಿತ್ತು. ಕಣ್ಣು ಮಂಜಾಗಿ ಅವರು ಅದನ್ನು ಕೊಡುವ ಮನಸ್ಸಿನಲ್ಲಿದ್ದರು. ಆದರೆ ಇಡುವುದೆಲ್ಲಿ? ಶೆಡ್ಡಿನ ತುಂಬ ಆ್ಯಂಗಲ್ಲು, ಪೈಪು, ತಗಡು, ರೈತರು ಬಿಟ್ಟುಹೋದ ಮುರುಕು. ಒಂದು ದಿನ ಚಂದ್ರಶಾ ಸೀಮೆಸುಣ್ಣದಿಂದ ನೆಲದ ಮೇಲೆ ನಕಾಶೆ ಬರೆದ. ಶೆಡ್ಡಿನ ಅರ್ಧಕ್ಕೆ ಅಟ್ಟ. ಸಾಮಾನೆಲ್ಲ ಮೇಲೆ, ಲೇಥು ಕೆಳಗೆ. "ಗಾಳ್ಯಾಗ ಜಾಗ ಬಿದ್ದದಲೇ. ಬಾಡಗಿ ಇಲ್ಲದ ಜಾಗ" ಎಂದ. ಇದು ಅವನ ತಲೆಯಿಂದ ಬಂದದ್ದು, ನನ್ನದಲ್ಲ. ಅದನ್ನು ನಾನು ಯಾವತ್ತೂ ಅಲ್ಲಗಳೆದಿಲ್ಲ. ಆದರೆ ನಾನು ಅಲ್ಲಗಳೆದೆ ಎಂದು ಅವನು ಮುಂದೊಂದು ದಿನ ಹೇಳಿದ.

ದೊಡ್ಡ ತೊಲೆಗಳು ಬೀಬಿಯ ಹಿತ್ತಲಲ್ಲಿದ್ದವು. ಕುಸಿದ ಜಿನ್ನಿನ ಮನೆಯ ಗರ್ಡರುಗಳು, ತುಕ್ಕು ಮೇಲಷ್ಟೇ, ಕೆರೆದರೆ ಒಳಗೆ ನೀಲಿ ಉಕ್ಕು. ಕೇಳಲು ಚಂದ್ರಶಾ ನನ್ನನ್ನೇ ಕಳಿಸಿದ. "ಆಕಿ ನನ್ನ ಕೂಡ ಮಾತಾಡೋದೇ ಬ್ಯಾರೆ, ನಿನ್ನ ಕೂಡ ಮಾತಾಡೋದೇ ಬ್ಯಾರೆ. ನೀ ಹೋಗು." ಅದು ಖರೆ ಇತ್ತು. ಬೀಬಿಗೆ ನನ್ನ ಮೇಲೆ ಜೀವ. ರಂಜಾನಿನಲ್ಲಿ ಸಂಜೆ ಒಂದು ಡಬ್ಬಿ ನನಗೆಂದೇ ಬರುತ್ತಿತ್ತು.

ಹೋಗಿ ಕೇಳಿದೆ. ಬೀಬಿ ಎಲೆ ಅಡಿಕೆಯ ತಟ್ಟೆ ಪಕ್ಕಕ್ಕೆ ಸರಿಸಿದಳು.

"ರೊಕ್ಕ ಬ್ಯಾಡ," ಎಂದಳು. "ತೊಲಿ ತಗೋರಿ. ಆದ್ರ ಸಾಹೇಬ್ರ ತೊಲಿ ಈ ಜಾಗಾ ಬಿಟ್ಟು ಹೋಗಬಾರದು. ನೀವು ನಾಳೆ ಹೋದ್ರೂ ಅಟ್ಟ ಇಲ್ಲೇ ಇರಬೇಕು. ಜಬಾನ್ ಕೊಡ್ತೀ?"

"ಎಲ್ಲಿ ಹೋಗ್ತದ್ರಿ ಬೀಬಿ, ಅದೇನು ಎತ್ತೇನು, ಹಗ್ಗ ಹರಕೊಂಡು ಓಡಾಕ?"

"ನಗಬ್ಯಾಡ. ಜಬಾನ್ ಕೊಡು."

ಮಾತು ಕೊಟ್ಟೆ. "ಶರಣ್ಯಾ, ನಿನ್ನ ಮುಖ ನೋಡಿ ಕೊಡಾಕತ್ತೇನಿ, ಆ ಗೊಬ್ಬೂರಿನವನ ಮುಖ ನೋಡಿ ಅಲ್ಲ" ಎಂದಳು. ಇನ್ನೊಂದು ಮಾತು ಸೇರಿಸಿದಳು: ನಡುವಿನ ತೊಲೆಗೆ ತಕ್ಕಡಿಯ ಕಡಗ ಅದೆ, ಅದನ್ನು ಕೊಯ್ದು ತೆಗೆಯಬಾರದು.

ನಮ್ಮ ಮೊದಲ ಜಗಳ ಆಮೇಲೆ ಶುರುವಾಯಿತು. ನಾನು ವೆಲ್ಡರ್. ತೊಲೆಯನ್ನು ಕಂಬಕ್ಕೆ ಆನಿಸಿ, ಎರಡು ಗೆರೆ ಎಳೆದರೆ ಮುಗಿಯಿತು, ಮೊಮ್ಮಕ್ಕಳ ಕಾಲಕ್ಕೂ ಅಲುಗದು. ಚಂದ್ರಶಾ ಬೇಡವೆಂದ. ಪ್ರತಿ ಕೂಡಿಕೆಗೂ ತೂತು ಕೊರೆದು ಬೋಲ್ಟು ಹಾಕಬೇಕು ಎಂದ. ಆ ಬೇಸಿಗೆಯಲ್ಲಿ, ಆ ಉಕ್ಕಿಗೆ! ಕರೆಂಟು ಬಂದಾಗ ಡ್ರಿಲ್ಲಿನ ಮೇಲೆ ಎದೆ ಊರಿ ನಿಲ್ಲಬೇಕು. ಡ್ರಿಲ್ಲಿನ ಮೊನೆ ಕಾದು ನೀಲಿಯಾಗುತ್ತದೆ, ಮುರಿಯುತ್ತದೆ, ಮತ್ತೆ ಸಾಣೆ ಹಿಡಿ. ತಗಡಿನ ಶೆಡ್ಡು ಹೆಂಚಿನಂತೆ ಕಾದು, ಮಧ್ಯಾಹ್ನ ಪಾನಾ ಹಿಡಿದರೆ ಅಂಗೈ ಚುರ್ ಎನ್ನುತ್ತಿತ್ತು. ಬೋಲ್ಟು ತಿರುಗಿಸುವ ಚಾವಿಗೆ ನಮ್ಮ ಕಡೆ ಪಾನಾ ಅನ್ನುತ್ತಾರೆ. ನನ್ನ ಹತ್ತಿರ ತೋಳುದ್ದದ ಒಂದು ದೊಡ್ಡ ಪಾನಾ ಇತ್ತು, ಅದರ ಬಾಯಿಗೇ ಆ ಬೋಲ್ಟುಗಳು ಸೇರುತ್ತಿದ್ದವು.

"ಯಾಕಲೇ ಈ ಹೆಣಾ ಹೊರೋದು?" ಎಂದು ಕೇಳಿದೆ.

"ವೆಲ್ಡಿಂಗ್ ಮಾಡಿದ್ದು ಮನೀ ಮಾಲಕಂದು. ಬೋಲ್ಟ ಹಾಕಿದ್ದು ಬಾಡಗಿದಾರಂದು. ನಮ್ಮ ಕಡಿ ಪಂಚಾಯ್ತ್ಯಾಗ ಕೇಳು ಬೇಕಾರ. ಬಿಚ್ಚಾಕ ಬಂದದ್ದು ಒಯ್ಯಾಕ ಬರ್ತದ."

"ನಾವು ಒಯ್ಯಾಂಗಿಲ್ಲಲ್ಲ. ನಾ ಮಾತ ಕೊಟ್ಟೀನಿ."

"ನೀ ಕೊಟ್ಟೀ. ಆಕಿ ತೀರಿಕೊಂಡ್ರ ಆಕಿ ಅಳಿಯ ಬರ್ತಾನ. ಅಂವ ಮಾತ ಕೊಟ್ಟಾನೇನು? ಹೊರಗ ದಬ್ಬಿದ್ರ ನಮ್ಮ ಆ್ಯಂಗಲ್, ನಮ್ಮ ಪೈಪ ಎಲ್ಲಾ ಅವನಿಗೇ ಬಿಟ್ಟು ಹೋಗ್ತೀಯೇನು?"

ಇದು ಒಂದು ಕಾರಣ. ಇದು ಸಾಲದಾದಾಗ ಅವನು ಇನ್ನೊಂದು ಕಾರಣ ತೆಗೆದ. ಜೇವರ್ಗಿಯ ನೆಲ ಎರೆ, ಕಪ್ಪು ಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗಾಲಕ್ಕೆ ಹಿಟ್ಟಿನಂತೆ ಉಬ್ಬುತ್ತದೆ. ನಮ್ಮಲ್ಲಿ ಮನೆ ಕಟ್ಟುವವರು ಕೆಳಗೆ ಗಟ್ಟಿ ಗರಸು ಸಿಗುವವರೆಗೆ ಅಗೆಯದೆ ಪಾಯ ಹಾಕುವುದಿಲ್ಲ. ನಾವು ಅಗೆಯುವ ಹಾಗಿರಲಿಲ್ಲ. ಒಂದು ಫರ್ಸಿ ಎಬ್ಬಿಸಿದರೂ ಬೀಬಿ ತೊಲೆ ವಾಪಸ್ಸು ಕೇಳುತ್ತಿದ್ದಳು. ಕಂಬಗಳನ್ನು ಫರ್ಸಿಯ ಮೇಲೆಯೇ ತಳಪಟ್ಟಿ ಇಟ್ಟು ನಿಲ್ಲಿಸಿದೆವು. "ಎರಿ ಉಬ್ಬಿದ್ರ ಕಂಬ ಏಳ್ತದ. ವೆಲ್ಡಿಂಗ್ ಆದ್ರ ಹರೀತದ. ಬೋಲ್ಟ ಆದ್ರ ಸಡ್ಲ ಮಾಡಿ, ಸರಿ ಮಾಡಿ, ಮತ್ತ ಬಿಗೀಬೌದು" ಎಂದ.

ಬೇಕೆಂದೇ ಎರಡೂ ಕಾರಣಗಳನ್ನು ಅವನ ಬಾಯಿಯಲ್ಲೇ ಇಟ್ಟಿದ್ದೇನೆ. ಈ ಕಥೆಯನ್ನು ನಾನು ಬಹಳ ಮಂದಿಗೆ ಹೇಳಿದ್ದೇನೆ, ಹೇಳುವಾಗೆಲ್ಲ ಚಂದ್ರಶಾನ ಮುಖಕ್ಕೆ ಒಂದು ಸಣ್ಣ ನಗೆ ಅಂಟಿಸಿದ್ದೇನೆ. "ಬಿಚ್ಚಾಕ ಬಂದದ್ದು ಒಯ್ಯಾಕ ಬರ್ತದ" ಎನ್ನುವಾಗ ಅವನು ನಕ್ಕ ಎಂದು. ನಿಜವಾಗಿ ನಕ್ಕಿದ್ದನೇ? ಅವನ ಹಲ್ಲಿನ ನಡುವೆ ಆಗ ಒಂದು ಬೋಲ್ಟು ಕಚ್ಚಿಕೊಂಡಿತ್ತೆಂದು ನನಗೆ ಇನ್ನೊಂದು ನೆನಪಿದೆ. ಹಲ್ಲಿನಲ್ಲಿ ಬೋಲ್ಟು ಇದ್ದವನು ನಗುವುದು ಹೇಗೆ, ಮಾತಾಡುವುದಾದರೂ ಹೇಗೆ?

ಮೊದಲ ಕಂಬ ನಿಂತ ದಿನ ಚಂದ್ರಶಾ ಕಾಯಿ ಒಡೆದ, ಬೀಬಿ ಫಾತೇಹಾ ಓದಿಸಿ ಸಿಹಿ ಮಲೀದಾ ಹಂಚಿದಳು. ತೊಲೆ ಎತ್ತಲು ಎದುರಿನ ಲಾರಿ ಸ್ಟ್ಯಾಂಡಿನ ಹಮಾಲರು ಬಂದರು. ಎತ್ತುವಾಗ ಒಬ್ಬನ ಹಿಡಿತ ಜಾರಿ ತೊಲೆಯ ತುದಿ ಫರ್ಸಿಗೆ ಬಡಿದು ಒಂದು ಮೂಲೆ ಒಡೆಯಿತು. ನಾವೆಲ್ಲ ಬೀಬಿಯತ್ತ ನೋಡಿದೆವು. ಅವಳು ಒಡೆದ ಚೂರನ್ನು ಆರಿಸಿ ಸೆರಗಿಗೆ ಕಟ್ಟಿಕೊಂಡು, "ಸಾಹೇಬ್ರೇ ಒಡದಾರ ತಗೋ, ನೋಡಾಕ ಬಂದಿರ್ಬೇಕು" ಎಂದಳು. ಅಷ್ಟೂ ಜನ ನಕ್ಕೆವು.

ಅಟ್ಟದ ನೆಲಕ್ಕೆ ತಗಡು ಹಾಸುವ ಲೆಕ್ಕದಲ್ಲಿ ನಾನು ಮೆಟ್ಟಿಲು ಮಾಡಿದ್ದೆ. ಕೊನೆಗೆ ತಗಡು ಬಿಟ್ಟು ನಮ್ಮ ಕಡೆಯ ಮಾಳಿಗೆಗೆ ಹಾಸುವಂತೆ ಫರ್ಸಿಯನ್ನೇ ಹಾಸಿದೆವು. ಅಟ್ಟ ಕಲ್ಲಿನ ದಪ್ಪದಷ್ಟು ಮೇಲೆದ್ದಿತು, ಮೆಟ್ಟಿಲು ಅಲ್ಲೇ ಉಳಿಯಿತು. "ಬಿಡು, ಕಳ್ಳ ಬಂದ್ರ ಎಡವಿ ಬೀಳ್ತಾನ" ಎಂದ ಚಂದ್ರಶಾ. ರೆಡ್ ಆಕ್ಸೈಡ್ ಹಚ್ಚಿದೆವು. ಆ ಬಣ್ಣದ ವಾಸನೆ, ಬೀಬಿಯ ಮನೆಯ ಒಗ್ಗರಣೆ, ರಸ್ತೆಯ ಡಾಂಬರು ಕರಗುವ ವಾಸನೆ ಮೂರೂ ಕೂಡಿ ನನ್ನ ಮೂಗಿನಲ್ಲಿ ಇವತ್ತಿಗೂ ಒಂದೇ. ಆ ಸಂಜೆ ಇಬ್ಬರೂ ಮೇಲೆ ಹತ್ತಿ ಕಾಲು ಇಳಿಬಿಟ್ಟು ಕುಳಿತು ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಕೆಳಗೆ ಲೇಥಿಗೆಂದು ಬಿಟ್ಟ ಖಾಲಿ ಜಾಗವಿತ್ತು. ಅದನ್ನೇ ನೋಡುತ್ತ ತಿಂದೆವು.

ಜೂನಿನಲ್ಲಿ ಮಿರಗದ ಮಳೆ ಬಿತ್ತು. ಒಂದು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಮುಂಜಾನೆ ಬಾಗಿಲು ತೆಗೆದರೆ ಅಟ್ಟದ ಮೇಲಿಟ್ಟ ಒಂದು ಪೈಪು ತಾನೇ ಉರುಳಿ ಕೆಳಗೆ ಬಿದ್ದಿತ್ತು. ಹಿತ್ತಲ ಕಡೆಯ ಕಂಬ ಎದ್ದಿತ್ತು. ಎರೆ ಉಬ್ಬಿ ಫರ್ಸಿಯನ್ನೇ ಮೇಲೆತ್ತಿತ್ತು. ಚಂದ್ರಶಾ ನನ್ನ ದೊಡ್ಡ ಪಾನಾ ತೆಗೆದುಕೊಂಡ, ಬೋಲ್ಟು ಸಡಿಲಿಸಿದ, ಉಳಿದ ಕಂಬಗಳ ಕೆಳಗೆ ತಗಡಿನ ತುಂಡು ಸೇರಿಸಿದ, ಮತ್ತೆ ಬಿಗಿದ. ಮಧ್ಯಾಹ್ನದೊಳಗೆ ಅಟ್ಟ ಮತ್ತೆ ಸಮಮಟ್ಟಕ್ಕೆ ಬಂದಿತ್ತು. ವೆಲ್ಡಿಂಗ್ ಆಗಿದ್ದರೆ ಒಂದಾದರೂ ಕೂಡಿಕೆ ಹರಿದು ಹೋಗುತ್ತಿತ್ತು. ನಾನು ಅವನನ್ನು ತಬ್ಬಿಕೊಂಡೆ. ಅವನ ಮೈಯೆಲ್ಲ ಗ್ರೀಸು, ನನ್ನ ಅಂಗಿ ಕೆಟ್ಟಿತು. "ಈಗರ ಅಂತೀಯೇನು ನನ್ನ ಗ್ಯಾನ ಶಾಣ್ಯಾ ಅಂತ?" ಎಂದ. "ಗ್ಯಾನ ಶಾಣ್ಯಾನೇ, ವೆಲ್ಡಿಂಗ್ ಗುಬ್ಬಿ ಹಿಕ್ಕಿ" ಎಂದೆ.

ಶ್ರಾವಣದಲ್ಲಿ ನಾನು ಆಳಂದಕ್ಕೆ ಹೋದೆ. ಕಾಶಪ್ಪ ಮಿಸ್ತ್ರಿ ಲೇಥು ಕೊಡಲು ಒಪ್ಪಿದ್ದರು, ಒಂದು ಷರತ್ತಿನ ಮೇಲೆ: ತಗೊಳ್ಳುವವನು ತಮ್ಮ ಹತ್ತಿರ ಇದ್ದು, ಅದನ್ನು ನಡೆಸಲು ಕಲಿತು ಒಯ್ಯಬೇಕು. "ಮಗಳನ್ನ ಕೊಟ್ಟಂಗ ಅದ ನನಗ. ಅಳಿಯ ಕುಡುಕ ಆಗಬಾರದು" ಎನ್ನುತ್ತಿದ್ದರು. ಇಬ್ಬರಲ್ಲಿ ಯಾರು ಹೋಗಬೇಕು? ನ್ಯಾಯವಾಗಿ ಫಿಟ್ಟರ್ ಹೋಗಬೇಕಿತ್ತು. ಚಂದ್ರಶಾ, "ನೀನೇ ಹೋಗು, ನಿನ್ನ ಕೈ ಚಲೋ ಅದ. ಇಲ್ಲಿದು ನಾ ನೋಡ್ಕೋತೀನಿ" ಎಂದ. ಜಿಟಿಜಿಟಿ ಮಳೆ, ಹೆಸರುಕಾಯಿ ಬಿಡಿಸುವ ಕಾಲ. ಮಿಸ್ತ್ರಿಯ ಮನೆಯವರು ಪಡಸಾಲೆಯ ತುಂಬ ಹಸಿ ಹೆಸರಿನ ಬಳ್ಳಿ ಒಣಹಾಕಿದ್ದರು, ನಾನು ಅದರ ಪಕ್ಕ ಮಲಗುತ್ತಿದ್ದೆ. ಕೈಬೆರಳಿಗೆ ಲೋಹದ ಸುರುಳಿ ಚುಚ್ಚಿ ಚುಚ್ಚಿ ಬಾವು ಬಂದಿತ್ತು. ಆದರೂ ಅಷ್ಟು ಸುಖವಾಗಿ ನಾನು ಯಾವ ತಿಂಗಳನ್ನೂ ಕಳೆದಿಲ್ಲ.

ನಡುವೆ ಒಂದು ದಿನ ಚಂದ್ರಶಾ ಬಂದ. ತನ್ನ ಅವ್ವ ಮಾಡಿದ ಶೇಂಗಾ ಹೋಳಿಗೆ ತಂದಿದ್ದ. ಲೇಥನ್ನು ಸುತ್ತಿ ಸುತ್ತಿ ನೋಡಿದ. ಎಷ್ಟು ದಿನ ಇನ್ನೂ ಬೇಕು ಎಂದು ಕೇಳಿದ. ಶ್ರಾವಣ ಮುಗಿಯುತ್ತಲೇ ಬರುತ್ತೇನೆ ಎಂದೆ.

"ಅವಸರ ಮಾಡಬ್ಯಾಡ. ಪೂರಾ ಕಲಿ. ಅರ್ಧಾ ಕಲ್ತು ಬಂದ್ರ ಮುದುಕ ಬೈತಾನ" ಎಂದ. ಹೊರಡುವಾಗ, ನೆನಪಾದವನಂತೆ, "ನಿನ್ನ ದೊಡ್ಡ ಪಾನಾ ಕೊಡಲೇ. ಅಟ್ಟ ಮತ್ತ ಜರಾ ವಾಲ್ಯಾದ, ಬಿಗೀ ಮಾಡ್ಬೇಕು" ಎಂದ.

ಪಾನಾ ನಾನು ಆಳಂದಕ್ಕೆ ತಂದಿದ್ದೆ, ಲೇಥಿನ ತಳ ಬಿಚ್ಚಲು ಬೇಕಾದೀತೆಂದು. ಅರಿವೆಯಿಂದ ಒರೆಸಿ ಕೊಟ್ಟೆ. ಬಸ್ ಸ್ಟ್ಯಾಂಡಿನವರೆಗೆ ಅವನ ಜೊತೆ ನಡೆದು ಹೋದೆ. ಕಥೆಗೆ ಬಹಳ ಚೆನ್ನಾಗಿ ಹೊಂದುತ್ತದೆ ಇದು. ಹೊಂದುತ್ತದೆಂದೇ ಎಷ್ಟೋ ಸಲ ನಾನೇ ಇದನ್ನು ಕಟ್ಟಿದೆನೇನೋ ಎಂದು ಅನುಮಾನಪಟ್ಟಿದ್ದೇನೆ. ಆದರೆ ಆ ಪಾನಾ ಈಗ ನನ್ನ ಹತ್ತಿರ ಇಲ್ಲ. ನಾನು ಬೇರೆ ಯಾರಿಗೂ ಅದನ್ನು ಕೊಟ್ಟಿಲ್ಲ.

ಲೇಥನ್ನು ಟ್ರ್ಯಾಕ್ಟರಿನ ಮೇಲೆ ಹೇರಿಕೊಂಡು ಜೇವರ್ಗಿಗೆ ಬಂದ ದಿನ ಮಳೆ ನಿಂತು ಬಿಸಿಲು ಬಿದ್ದಿತ್ತು. ಶೆಡ್ಡಿನ ಬಾಗಿಲು ತೆಗೆದೇ ಇತ್ತು. ಒಳಗೆ ಬೆಳಕು ಜಾಸ್ತಿಯಾಗಿದೆ ಎಂಬುದಷ್ಟೇ ಮೊದಲು ಕಂಡದ್ದು. ಅಟ್ಟವಿಲ್ಲ. ಆ್ಯಂಗಲ್ಲು, ಪೈಪು, ವೆಲ್ಡಿಂಗ್ ಮಶೀನು, ಡ್ರಿಲ್ಲು ಇಲ್ಲ. ಕಂಬಗಳು ನಿಂತಲ್ಲಿ ಫರ್ಸಿಯ ಮೇಲೆ ಚೌಕ ಚೌಕ ಕಲೆ. ಲೇಥಿಗೆ ಜಾಗ ಬೇಕೆಂದು ಅಟ್ಟ ಕಟ್ಟಿದ್ದೆವು. ಈಗ ಇಡೀ ಶೆಡ್ಡೇ ಲೇಥಿಗೆ ಖಾಲಿಯಿತ್ತು.

ಬೀಬಿ ಬಂದಳು. "ಶೆಡ್ಡಿನ ಚಾವಿ ಕೊಡಾಕ ಬಂದಿಯೇನು?" ಎಂದಳು.

ನನಗೆ ಅರ್ಥವಾಗಲಿಲ್ಲ. "ಅಟ್ಟ ಎಲ್ಲದ್ರಿ ಬೀಬಿ?"

"ನನ್ನ ಕೇಳ್ತೀ? ನೀನೇ ಆಳಂದದಿಂದ ಹೇಳಿ ಕಳಸೀ ಅಂದ್ನಲ್ಲೋ ಚಂದ್ರಶಾ. ಧಂದಾ ಅಫಜಲಪುರಕ್ಕ ಒಯ್ತೀವಿ, ಶರಣ್ಯಾ ಅಲ್ಲೇ ಬರ್ತಾನ, ಬರೋವಾಗ ಚಾವಿ ಕೊಟ್ಟು ಹೋಗ್ತಾನ ಅಂದ. ನಾ ಕೇಳ್ದೆ, ತೊಲಿ? ಅಂವ ಅಂದ, ಶರಣ್ಯಾನೇ ಒಯ್ಯಿ ಅಂದಾನ, ಬೀಬಿ ನನಗ ಬ್ಯಾಡ ಅನ್ನಾಂಗಿಲ್ಲ ಅಂತ ಹೇಳ್ಯಾನ ಅಂದ. ನೀ ಕೇಳಿದ್ರ ನಾ ಬ್ಯಾಡ ಅಂತಿರ್ಲಿಲ್ಲ, ಅದು ಖರೇ. ಆದ್ರ ನೀ ಬಂದು ಕೇಳಬೇಕಿತ್ತು ಬೇಟಾ." ಹಿತ್ತಲ ಕಡೆ ಕೈ ತೋರಿಸಿ, "ಟ್ರ್ಯಾಕ್ಟರ್ ಬರಾಕ ಹಿತ್ತಲ ಗ್ವಾಡಿ ನಾನೇ ತೆಗಸ್ಕೊಟ್ಟೆ. ಬಿಚ್ಚೋರಿಗೆಲ್ಲಾ ಚಾ ಮಾಡಿ ಕೊಟ್ಟೆ" ಎಂದಳು.

ನಾನು ಹಾಗೆ ಹೇಳಿ ಕಳಿಸಿಲ್ಲ ಎಂದೆ. ದೇವರ ಮೇಲೆ ಆಣೆ ಮಾಡಿದೆ. ಅವಳ ಕಾಲು ಮುಟ್ಟಲು ಹೋದೆ, ಕಾಲು ಹಿಂದೆಳೆದುಕೊಂಡಳು.

"ಅಂವ ನಿನ್ನ ಪಾನಾ ತಗೊಂಡೇ ಬಿಚ್ಚಿದ. ನಿನ್ನ ಪಾನಾ ನನಗ ಗುರುತಿಲ್ಲೇನು? ಪಾನಾ ತಗೊಂಡು ಹೋಗಿದ್ದಿ ನೀನು. ಮತ್ತ ಅವನ ಕೈಯಾಗ ಹ್ಯಾಂಗ ಬಂತು?"

ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು, ಹೇಳಿದೆ ಕೂಡ. ಹೇಳುತ್ತಿರುವಾಗಲೇ ಅದು ಸುಳ್ಳಿನಂತೆ ಕೇಳಿಸಿತು.

ಮರುದಿನ ಗೊಬ್ಬೂರಿಗೆ ಹೋದೆ. ಚಂದ್ರಶಾನ ಅವ್ವ ಒಳಗೆ ಕರೆದಳು, ನಾನು ಹೋಗಲಿಲ್ಲ. ಅವನು ಹೊರಗೆ ಬಂದ. ಊರ ಹೊರಗಿನ ಸಣ್ಣ ಸೇತುವೆಯ ಕಟ್ಟೆಯ ಮೇಲೆ ಕುಳಿತೆವು, ಐಟಿಐ ದಿನಗಳಲ್ಲಿ ಅವನ ಊರಿಗೆ ಬಂದಾಗ ಕೂಡುತ್ತಿದ್ದ ಜಾಗ.

"ಅಫಜಲಪುರದಾಗ ಸ್ವಂತ ಮಳಗಿ ತಗೊಂಡೀನಿ. ಅಟ್ಟ ನಿಂತದ. ನೀನೂ ಬಾ. ಲೇಥ ತಗೊಂಡು ಬಾ, ಜಾಗ ಬಿಟ್ಟೀನಿ" ಎಂದ. ಏನೂ ಆಗಿಲ್ಲ ಎಂಬಂತೆ.

"ಬೀಬಿಗೆ ಯಾಕ ನನ್ನ ಹೆಸರ ಹೇಳ್ದಿ?"

"ನಿನ್ನ ಹೆಸರ ಹೇಳ್ಲಿಲ್ಲಂದ್ರ ಕೊಡ್ತಿದ್ಳೇನು? ನನ್ನ ಮಾತ ಜೇವರ್ಗ್ಯಾಗ ಯಾರ ಕೇಳ್ತಾರಲೇ? ಬಂದವರೆಲ್ಲಾ ಶರಣ್ಯಾನ ಅಂಗಡಿ ಅಂತಾರ. ಅಟ್ಟ ನೋಡಿ ಶರಣ್ಯಾ ಚಲೋ ಮಾಡ್ಯಾನ ಅಂತಾರ. ನೀನೂ ಹೂಂ ಅಂತಿದ್ದಿ."

"ನಾ ಎಂದ ಹೂಂ ಅಂದೆ?"

"ಸುಮ್ನ ಇರ್ತಿದ್ದೆಲ್ಲ, ಅದೇ ಹೂಂ."

ಅವನ ಕಡೆ ತಿರುಗಿ ಒಂದೇ ಮಾತು ಕೇಳಿದೆ. "ಬೋಲ್ಟ ಹಾಕೋಣು ಅಂದಾಗಿಂದ ಇದೇ ಇತ್ತೇನು ನಿನ್ನ ತಲ್ಯಾಗ? ಖರೇ ಹೇಳು, ನಾ ಎದ್ದು ಹೋಗ್ತೇನಿ."

ಇಲ್ಲಿ ನನ್ನ ಹತ್ತಿರ ಎರಡು ನೆನಪುಗಳಿವೆ. ಒಂದರಲ್ಲಿ ಅವನು, "ಎರಿ ಭೂಮಿ ಅಲೇ, ನೀನೇ ನೋಡಿದೆಲ್ಲ" ಎಂದು ತಲೆ ತಗ್ಗಿಸುತ್ತಾನೆ. ಇನ್ನೊಂದರಲ್ಲಿ ಏನೂ ಹೇಳದೆ ಕಟ್ಟೆಯ ಕಲ್ಲು ಕಿತ್ತು ಹಳ್ಳಕ್ಕೆ ಎಸೆಯುತ್ತಾನೆ. ಎರಡೂ ಸ್ಪಷ್ಟವಾಗಿವೆ, ಎರಡರಲ್ಲೂ ಹಳ್ಳದ ನೀರು ಕೆಂಪಾಗಿದೆ. ನಾನು ಎದ್ದು ಬಂದೆ ಎಂಬುದಷ್ಟೇ ಎರಡಕ್ಕೂ ಸಮ.

ಪೊಲೀಸಿಗೆ ಹೋಗೋಣ ಎಂದು ಬೀಬಿಗೆ ಹೇಳಿದೆ. "ಸಾಹೇಬ್ರ ತೊಲಿ ಠಾಣೇದಾಗ ಒಗಸ್ಬೇಕೇನ್ರಿ? ನೀವಿಬ್ಬರೂ ಕೂಡಿ ಆಡಿದ್ದು ಸಾಕು" ಎಂದಳು. ಆ ದಿನದಿಂದ ನನಗೆ ರೀ ಹಚ್ಚಿ ಮಾತಾಡಿದಳು. ಚಾವಿ ಇಸಿದುಕೊಂಡಳು. ಲೇಥನ್ನು ನಾನು ರಸ್ತೆಯಾಚೆ ಒಂದು ಬೇವಿನ ಗಿಡದ ಕೆಳಗೆ ಇಳಿಸಿ, ಮೇಲೆ ತಗಡು ಕಟ್ಟಿ, ಅಲ್ಲಿಂದಲೇ ಮತ್ತೆ ಶುರು ಮಾಡಿದೆ. ಹೊಟ್ಟೆ ತುಂಬಿತು, ಮದುವೆಯಾಯಿತು. ಅಲ್ಲಿಂದ ಅವಳ ಬಾಗಿಲು ಕಾಣುತ್ತಿತ್ತು. ಬೀಬಿ ದಿನಾ ಮುಂಜಾನೆ ಖಾಲಿ ಶೆಡ್ಡಿನ ಬಾಗಿಲಲ್ಲಿ ನಿಂತು ನೆಲ ನೋಡುವಳು, ಆಮೇಲೆ ತಲೆಯೆತ್ತಿ ನನ್ನ ಕಡೆ. ಹಬ್ಬಕ್ಕೆ ಡಬ್ಬಿ ಬರಲಿಲ್ಲ. ನಾನು ಕಳಿಸಿದ ಹೋಳಿಗೆ ತಾಟಿನ ಸಮೇತ ವಾಪಸ್ಸು ಬಂತು, ಅರಿವೆ ಮುಚ್ಚಿ, ಸಭ್ಯವಾಗಿ. ಕೆಲವು ವರ್ಷಗಳ ಮೇಲೆ ಅವಳು ತೀರಿಕೊಂಡಾಗ ಮಣ್ಣಿಗೆ ಹೋದೆ. ಅಳಿಯ ಬಂದಿದ್ದ. ನನ್ನನ್ನು ಯಾರಿಗೋ ತೋರಿಸಿ, "ಇವರೇ, ಅಟ್ಟದವರು" ಎಂದ.

ಚಂದ್ರಶಾ ಮಾಡಿದ್ದನ್ನು ನಾನು ಎಂದೋ ನುಂಗಿಕೊಳ್ಳುತ್ತಿದ್ದೆನೇನೋ. ನುಂಗಲು ಆಗದ್ದು ಇದು: ಅವನು ಒಯ್ಯಲು ಬಳಸಿದ್ದು ಬೀಬಿ ನನ್ನ ಮೇಲಿಟ್ಟ ನಂಬಿಕೆಯನ್ನು. ನಾನು ನಂಬಿಗಸ್ತನಲ್ಲದಿದ್ದರೆ ಅವನಿಗೆ ಒಯ್ಯಲು ಬರುತ್ತಿರಲಿಲ್ಲ.

ಬೀಜದ ಚೀಲದ ಮೇಲೆ ಎಷ್ಟು ಹೊತ್ತು ಕುಳಿತಿದ್ದೆನೋ. ಕೆಳಗಿಂದ ಅಂಗಡಿಕಾರ, "ಸಿಕ್ತೇನ್ರಿ ಕಾಕಾ?" ಎಂದು ಕೂಗಿದ.

"ನೋಡಾಕತ್ತೇನಿ" ಎಂದೆ. "ಈ ಅಟ್ಟ ಯಾರ ಮಾಡಿಸಿದ್ದು?"

"ಯಾರೋ ಚಂದ್ರಶಾ ಅಂತ್ರಿ, ಮೊದಲ ಇಲ್ಲಿ ವರ್ಕ್‌ಶಾಪ್ ಇತ್ತು. ತೀರ್ಕೊಂಡು ಭಾಳ ವರ್ಷ ಆತು. ನಮ್ಮಪ್ಪ ಮಳಗಿ ತಗೊಂಡಾಗ ಅಟ್ಟದ ಸಮೇತನೇ ತಗೊಂಡ."

ತೀರಿಕೊಂಡ ಸುದ್ದಿ ನನಗೆ ಯಾರೂ ಹೇಳಿರಲಿಲ್ಲ. ಇಳಿದೆ. ಮೆಟ್ಟಿಲಿನ ಪಕ್ಕದ ಕಂಬದ ಹತ್ತಿರ ನಿಂತೆ. ನನ್ನ ಲೆಕ್ಕ ಸರಳವಿತ್ತು. ಅಫಜಲಪುರದ ನೆಲವೂ ಎರೆಯೇ. ಇಲ್ಲಿ ಅವನು ಬರೀ ಬೋಲ್ಟು ಹಾಕಿದ್ದರೆ, ಮಣ್ಣಿಗೆ ಹೆದರಿದ್ದು ಖರೆ. ಜೇವರ್ಗಿಯಲ್ಲಿ ಹೇಳಿದ್ದೂ ಖರೆ, ದ್ರೋಹ ಆಮೇಲೆ ಹುಟ್ಟಿದ್ದು. ಸ್ವಂತ ಮಳಿಗೆ ಎಂದು ವೆಲ್ಡಿಂಗ್ ಮಾಡಿದ್ದರೆ, ಜೇವರ್ಗಿಯ ಪ್ರತಿ ತೂತನ್ನೂ ಅವನು ಒಯ್ಯಲೆಂದೇ ಕೊರೆದದ್ದು. ನನ್ನ ಎದೆ ಅವನ ಬೆನ್ನಿಗೆ ತಾಗಿ, ಇಬ್ಬರೂ ಕೂಡಿ ಡ್ರಿಲ್ಲಿಗೆ ಭಾರ ಹಾಕುತ್ತಿದ್ದ ಆ ಮಧ್ಯಾಹ್ನಗಳೂ ಸೇರಿ.

ಕೈ ಎತ್ತಿ ಕತ್ತಲಲ್ಲಿ ಮುಟ್ಟಿದೆ. ಬೋಲ್ಟಿನ ತಲೆ ಸಿಕ್ಕಿತು. ಸಮಾಧಾನವಾಗುವ ಮೊದಲೇ ಬೆರಳು ಇನ್ನೊಂದಕ್ಕೆ ತಾಗಿತು. ಜೇಬಿನ ಬ್ಯಾಟರಿ ತೆಗೆದು ಬೆಳಕು ಹಾಕಿದೆ. ನಟ್ಟಿನ ಅಂಚಿಗೆ ಒಂದು ವೆಲ್ಡಿಂಗ್ ಬೊಟ್ಟು. ಪಕ್ಕದ ನಟ್ಟಿಗೂ. ಕಂಬದಿಂದ ಕಂಬಕ್ಕೆ ಹೋದೆ. ಅಟ್ಟದ ಎಲ್ಲ ನಟ್ಟುಗಳಿಗೂ, ಯಾವ ಪಾನಾ ಬಂದರೂ ತಿರುಗದ ಹಾಗೆ, ಒಂದೊಂದು ಬೊಟ್ಟು ಅಂಟಿಸಲಾಗಿತ್ತು. ಬೇರೆ ಯಾರೋ ಮಾಡಿದ್ದಲ್ಲ. ಗುಬ್ಬಿ ಹಿಕ್ಕಿ.

ನಾನು ಕೇಳಿದ ಪ್ರಶ್ನೆಗೆ ಅಲ್ಲಿ ಉತ್ತರ ಇರಲಿಲ್ಲ. ಕೇಳದ ಒಂದಕ್ಕೆ ಇತ್ತು. ಬೀಬಿಯನ್ನು ಕೈಹಿಡಿದು ಕರೆತಂದು, ಈ ಕಂಬದ ಕೆಳಗೆ ನಿಲ್ಲಿಸಿ, ನೋಡ್ರಿ ಬೀಬಿ, ನಾನೂ ಕೂಡಿ ಒಯ್ದಿದ್ದರೆ ಇವನು ಯಾರಿಗೆ ಹೆದರಿ ಇದನ್ನು ಹಾಕಿದ ಎಂದು ಕೇಳಬೇಕಿತ್ತು.

ಅಂಗಡಿಕಾರ ಕುಂಟುತ್ತ ಬಂದು ನನ್ನ ಹಿಂದೆ ನಿಂತಿದ್ದ. "ಅದೇ ನೋಡ್ರಿ ನಮ್ಮ ಗೋಳು. ಮಳಿಗಾಲ ಬಂದ್ರ ಸಾಕು, ಒಂದ ಕಡಿ ಏಳ್ತದ. ಚೀಲ ಉರಳಿ ಬರ್ತಾವ. ಬಿಚ್ಚಿ ಸರಿ ಮಾಡೋಣು ಅಂದ್ರ ನಟ್ಟಿಗೆಲ್ಲಾ ವೆಲ್ಡಿಂಗ್ ಹೊಡದಾನ. ಬೋಲ್ಟ ಹಾಕಿ ಮ್ಯಾಲ ವೆಲ್ಡಿಂಗ್ ಯಾರರ ಮಾಡ್ತಾರೇನ್ರಿ? ಆ ಮಿಸ್ತ್ರಿಗೆ ಎರಿ ಭೂಮಿ ಗೊತ್ತಿರ್ಲಿಲ್ಲೇನೋ."

"ಗೊತ್ತಿತ್ತು" ಎಂದೆ.

"ಮತ್ಯಾಕ ಹೊಡದ?"

"ಯಾರರ ಬಿಚ್ಚಿ ಒಯ್ದಾರು ಅಂತ."

ಅವನು ನನ್ನ ಮುಖ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಮೇಲಿನ ಕಡಗದಲ್ಲಿ ಬಲ್ಬು ತೂಗಾಡುವಷ್ಟು ಜೋರಾಗಿ ಕಂಬಕ್ಕೆ ಕೈ ಬಡಿದು, "ಏನ್ ಕಾಕಾ ನೀವು! ಅಟ್ಟ ಯಾರ ಕದೀತಾರ್ರಿ?" ಎಂದ.